ಸೈಕ್ಲೋನ್ ವಾರದಲ್ಲಿ ಹಂಡೆ ಒಲೆ ಹೊಸದಾಗಿ ಕಟ್ಟಿದ್ದು

ಸೋಲಾರ್ ಇರೋ ಮನೇಲಿ ಮತ್ತೆ ಸೌದೆ ಒಲೆ ಯಾಕಪ್ಪಾ ಅಂತ ಕೇಳೋರಿಗೆ ನನ್ನ ಹತ್ರ ಇರೋದು ಒಂದೇ ಉತ್ತರ, ಮನೇಲಿ ಬಾಣಂತಿ ಇದಾಳೆ. ತಂಗಿ ಹೆರಿಗೆಗೆ ಬಂದೋಳು, ಕೂಸಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ, ದೀಪಾವಳಿ ಗಲಾಟೆ ಮುಗೀತು ಇನ್ನು ಆರಾಮು ಅನ್ನೋ ಅಷ್ಟ್ರಲ್ಲಿ ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಅಂತ ಟೀವೀಲಿ ಶುರುವಾಯ್ತು, ಇಲ್ಲಿ ಮಂಡ್ಯದಲ್ಲಿ ಬಿಸಿಲು ಅನ್ನೋದೇ ಕಾಣೆ. ಮಳೆ ಅಂದ್ರೆ ಮಳೆನೂ ಅಲ್ಲ, ಜಿನುಗು. ಬಟ್ಟೆ ಒಣಗಲ್ಲ, ನೆಲ ಒಣಗಲ್ಲ, ಕಾರ್ತಿಕದ ಚಳಿ ಮೇಲೆ ಆ ಥಂಡಿ ಗಾಳಿ ಬೇರೆ, ಅವ್ವ ಹಗಲೊತ್ತೇ ಸ್ವೆಟರ್ ಹಾಕೊಂಡು ಅವರೆಕಾಯಿ ಬಿಡಿಸ್ತಾ ಕೂತಿರ್ತಿದ್ರು.

ನಮ್ಮದು ಗಾಜಿನ ಟ್ಯೂಬಿನ ಸೋಲಾರ್. ಟ್ಯೂಬಿನ ಎರಡು ಗಾಜಿನ ಪದರದ ನಡುವೆ ನಿರ್ವಾತ ಇರೋದ್ರಿಂದ ಒಳಗೆ ಹೋದ ಶಾಖ ಆಚೆ ಹೋಗಲ್ಲ, ಅದಕ್ಕೇ ಡಿಸೆಂಬರ್ ಚಳೀಲೂ ಬಿಸಿಲಿದ್ರೆ ನೀರು ಸುಡುತ್ತೆ. ಆದ್ರೆ ಒಳಗೆ ಹೋಗೋಕೆ ಬಿಸಿಲು ಬೇಕಲ್ಲ. ಮೋಡ ಒಂದು ದಿನ ಇದ್ರೆ ಹಿಂದಿನ ದಿನದ ಬಿಸಿನೀರಲ್ಲಿ ತಳ್ಳಬಹುದು, ದಿನಾ ದಿನಾ ಮೋಡ ಆದ್ರೆ ಉಗುರು ಬೆಚ್ಚಗೆ ಕೂಡ ಬರಲ್ಲ. ಟ್ಯಾಂಕ್ ಒಳಗಿನ ಬ್ಯಾಕಪ್ ಕಾಯಿಲ್ ಹಾಕೋಣ ಅಂದ್ರೆ ಸ್ವಿಚ್ ಒತ್ತಿದ ತಕ್ಷಣ ಎಂಸಿಬಿ ಟಪ್ ಅಂತ ಬೀಳುತ್ತೆ. ಬೋರ್ ನೀರು ನಮ್ಮದು, ಉಪ್ಪು ಜಾಸ್ತಿ, ಕಾಯಿಲ್ ಮೇಲೆ ಬಿಳೀ ಪದರ ಗಟ್ಟಿಯಾಗಿ ಕೂತು ಕಾಯಿಲ್ ಒಡೆದಿರುತ್ತೆ, ಅದನ್ನ ಬಿಚ್ಚೋಕೆ ಪಾಚಿ ಕಟ್ಟಿದ ಮೋಲ್ಡ್ ಮೇಲೆ ಮಳೇಲಿ ಯಾರು ಹತ್ತುತಾರೆ. ಬಿಸಿಲು ಬಂದ ಮೇಲೆ ನೋಡೋಣ ಅಂತ ಬಿಟ್ಟೆ.

ಬಕೆಟ್‌ಗೆ ಹೀಟರ್ ರಾಡ್ ಇಳಿಬಿಡೋದು ನನ್ನ ಹೆಂಡ್ತಿಗೆ ಸುತರಾಂ ಇಷ್ಟ ಇಲ್ಲ, ಮಗಳಿಗೆ ಆರು ವರ್ಷ, ಎಲ್ಲದಕ್ಕೂ ಕೈ ಹಾಕೋ ವಯಸ್ಸು, ಅವಳು ಹೇಳೋದ್ರಲ್ಲಿ ತಪ್ಪೇನೂ ಇಲ್ಲ. ಪಕ್ಕದ ಮನೆಯಣ್ಣ ಗ್ಯಾಸ್ ಗೀಸರ್ ತಂದ್ಬಿಡು ಐದು ನಿಮಿಷಕ್ಕೆ ಬಿಸಿನೀರು ಅಂದ್ರು, ಅದಕ್ಕೆ ನಾನೇ ಒಪ್ಪಲಿಲ್ಲ. ನಮ್ಮ ಬಚ್ಚಲಿಗೆ ಇರೋದು ಅಂಗೈ ಅಗಲದ ಕಿಟಕಿ, ಚಳೀಗೆ ಅದನ್ನೂ ಮುಚ್ಚಿರ್ತಾರೆ, ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಸ್ನಾನಕ್ಕೆ ಹೋದೋರು ಅಲ್ಲೇ ಕುಸಿದು ಬೀಳ್ತಾರೆ, ಪೇಪರಲ್ಲಿ ಪ್ರತಿ ಚಳಿಗಾಲ ಓದೋ ಸುದ್ದಿ ಅದು. ಗೀಸರ್ ಹಾಕೋರು ಆಚೆ ಗಾಳಿ ಆಡೋ ಕಡೆ ಹಾಕಿ, ಪೈಪಲ್ಲಿ ನೀರು ಒಳಗೆ ತನ್ನಿ, ಇಷ್ಟೇ ಹೇಳೋದು.

ಉಳಿದಿದ್ದು ಹಿಂದಿನ ಹಂಡೆ ಒಲೆ. ಹಳೇ ಬಚ್ಚಲುಮನೆ ಹಿತ್ತಲ ಕಡೆ ಮೂಲೇಲಿ ಹಂಡೆ, ಒಲೆ ಬಾಯಿ ಮಾತ್ರ ಗೋಡೆ ಆಚೆ ಹಿತ್ತಲಿಗೆ. ಹಿಂದಿನೋರು ಎಷ್ಟು ಯೋಚನೆ ಮಾಡಿ ಕಟ್ಟಿದ್ರು ಅಂದ್ರೆ ಉರಿ ಹಾಕೋರು ಆಚೆ, ಸ್ನಾನ ಮಾಡೋರು ಒಳಗೆ, ಸೌದೆ ಬೂದಿ ಒಂದೂ ಒಳಗೆ ಬರಲ್ಲ. ಆದ್ರೆ ಸೋಲಾರ್ ಬಂದ ಮೇಲೆ ಯಾರೂ ಆ ಕಡೆ ತಿರುಗಿ ನೋಡಿಲ್ಲ, ಒಲೆ ಬಾಯಲ್ಲಿ ಕೋಳಿ ಮೊಟ್ಟೆ ಇಡ್ತಿತ್ತು. ಒಂದ್ಸಲ ಗಾರೆ ಕೆಲಸದವರು ಮನೆ ರಿಪೇರಿಗೆ ಬಂದಾಗ ಉಳಿದ ಸಿಮೆಂಟಲ್ಲಿ ಒಲೆಗೂ ಒಂದು ಕೈ ಬಳಿದು ಹೋಗಿದ್ರು, ಆ ಸಿಮೆಂಟೆಲ್ಲ ಹಪ್ಪಳದ ಥರ ಎದ್ದು ಬಂದಿತ್ತು. ಸಿಮೆಂಟ್ ಬಿಗಿಯಾಗಿ ನಿಲ್ಲೋದೇ ತನ್ನೊಳಗಿನ ನೀರಿಂದ, ಉರಿಗೆ ಆ ನೀರು ಬಿಟ್ಟುಹೋದ್ರೆ ಪುಡಿಪುಡಿ, ಜೊತೆಗೆ ಇಟ್ಟಿಗೆ ಹಿಗ್ಗೋದೇ ಬೇರೆ ಸಿಮೆಂಟ್ ಹಿಗ್ಗೋದೇ ಬೇರೆ. ಒಲೆಗೆ ಮಣ್ಣೇ ಸೈ.

ಆ ಒಲೇಲಿ ಎರಡನೇ ತೊಂದರೆ ಚಿಮಣಿನೇ ಇರ್ಲಿಲ್ಲ. ಹೊಗೆ ಅರ್ಧ ಬಾಯಿಂದಲೇ ವಾಪಸ್ ಬರೋದು, ಅರ್ಧ ಹಂಡೆ ಕತ್ತಿನ ಸುತ್ತ ಬಿರುಕಲ್ಲಿ ನುಗ್ಗಿ ಬಚ್ಚಲು ಒಳಗೆ ತುಂಬೋದು. ನಾವು ಚಿಕ್ಕೋರಿದ್ದಾಗ ಸ್ನಾನ ಅಂದ್ರೆ ಕಣ್ಣುರಿ, ಅದು ಸೋಪಿಂದ ಅಂತ ಬೇರೆ ಅಂದ್ಕೊಂಡಿದ್ವಿ. ಈಗ ಎಳೇ ಕೂಸು ಇರೋ ಬಚ್ಚಲಿಗೆ ಆ ಹೊಗೆ ಬಿಡೋಕಾಗುತ್ತಾ. ಹಾಗಾಗಿ ಬರೀ ತೇಪೆ ಹಾಕೋದು ಬೇಡ, ಕೆಡವಿ ಕಟ್ಟೋಣ ಅಂತ ತೀರ್ಮಾನ ಆಯ್ತು. ಅಲ್ಲೀವರೆಗೂ ಅಡುಗೆಮನೆ ಸ್ಟೋವ್ ಮೇಲೆ ದೊಡ್ಡ ಪಾತ್ರೆಗಳಲ್ಲಿ ನೀರು ಕಾಯಿಸಿ ಹೊತ್ಕೊಂಡು ಹೋಗೋದು, ಸಿಲಿಂಡರ್ ಖಾಲಿಯಾಗೋ ಸ್ಪೀಡ್ ನೋಡಿ ಹೆಂಡ್ತಿ, ರೀ, ಆ ಒಲೆ ಕೆಲಸ ಬೇಗ ಮುಗಿಸ್ತೀರೋ ಇಲ್ಲ ನಾನೇ ಮೂರು ಕಲ್ಲು ಇಟ್ಕೊಳ್ಲೋ ಅಂದ್ಲು.

ಕೆಡವೋ ಮುಂಚೆ ಸೋದರಮಾವನ ಆಲೆಮನೆಗೆ ಹೋಗಿ ಅಲ್ಲಿ ಉರಿ ಹಾಕೋ ಅಣ್ಣನ್ನ ಒಂದ್ಮಾತು ಕೇಳಿದ್ದು ಒಳ್ಳೇದಾಯ್ತು. ನಮ್ಮ ಕಡೆ ಒಲೆ ಬಗ್ಗೆ ಕೇಳ್ಬೇಕು ಅಂದ್ರೆ ಇಂಜಿನಿಯರ್ ಬೇಡ, ಆಲೆಮನೆಗೆ ಹೋದ್ರೆ ಸಾಕು. ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಬೆಲ್ಲ ಆಗೋವರೆಗೂ ಬರೀ ಒಣಗಿದ ರಚ್ಚಲ್ಲಿ ಕಾಯಿಸ್ತಾರಲ್ಲ, ರಚ್ಚು ಅಂದ್ರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಕಾಗದ ಇದ್ದಂಗೆ, ಭಗ್ ಅಂತ ಉರಿದು ಹೋಗುತ್ತೆ, ಅದರಲ್ಲಿ ಅಷ್ಟು ಶಾಖ ಹಿಡಿಯೋದು ಒಲೆಯ ಕಟ್ಟೋಣದಲ್ಲಿರೋ ಚಾಲಾಕಿ. ಅಣ್ಣ ರಚ್ಚು ಎಸೀತಾನೇ ಹೇಳಿದ್ರು, "ಕೆಳಗಿಂದ ಗಾಳಿ ಬರ್ಬೇಕು, ಹೊಗೆ ಪಾತ್ರೆ ಸುತ್ಕೊಂಡು ಮೇಲಕ್ಕೆ ಹೋಗ್ಬೇಕು. ಇವೆರಡು ಕೊಟ್ರೆ ಒಲೆ ಅದರ ಪಾಡಿಗೆ ಅದು ಉರೀತದೆ ಕಣಪ್ಪ. ಊದುಕೊಳವೆ ಹಿಡ್ಕೊಂಡು ಕೂರ್ಬೇಕಾದ ಒಲೆ ಒಲೇನೇ ಅಲ್ಲ."

ಇದೇ ಮಾತನ್ನ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನೋರು ಲೆಕ್ಕ ಹಾಕಿ ತೋರ್ಸಿದಾರೆ. ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಅಸ್ತ್ರ ಅಂತ ಒಂದು ವಿಭಾಗ ಶುರುವಾಯ್ತು, ಅಮೂಲ್ಯ ರೆಡ್ಡಿಯವರು ಶುರು ಮಾಡಿದ್ದು, ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ಕೆಳಗೆ ಜಾಲರಿ, ಪಾತ್ರೆ ಒಲೆ ಒಳಗೆ ಕೂರೋ ಹಾಗೆ ಗುಂಡಿ, ಕೊನೇಲಿ ಚಿಮಣಿ. ನಮ್ಮ ಕಡೆ ವಯಸ್ಸಾದ ಹೆಂಗಸರಿಗೆ ಈಗಲೂ ಆ ಹೆಸರು ಗೊತ್ತು. ನಾನು ಮಾಡಿದ್ದು ಹೊಸದೇನಲ್ಲ, ಅದೇ ಸೂತ್ರ ಹಂಡೆಗೆ ಹೊಂದಿಸಿದ್ದು ಅಷ್ಟೇ.

ಲೆಕ್ಕ ಸುಲಭ ಇದೆ. ನಮ್ಮ ಹಂಡೆ ಐದು ಬಿಂದಿಗೆ ನೀರು ಹಿಡಿಯುತ್ತೆ, ಅಂದ್ರೆ ಹತ್ರ ಹತ್ರ 60 ಲೀಟರ್. 20 ಡಿಗ್ರಿ ತಣ್ಣೀರನ್ನ 45ಕ್ಕೆ ತರೋಕೆ ಬೇಕಾಗಿರೋದು ಒಂದೂಮುಕ್ಕಾಲು ಯೂನಿಟ್ ಕರೆಂಟಿನಷ್ಟು ಶಾಖ. ಒಣ ಸೌದೆ ಒಂದು ಕೆ.ಜಿ.ಲಿ ನಾಲ್ಕು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿನೇ ಶಾಖ ಇರುತ್ತೆ. ಅಂದ್ರೆ ಎಲ್ಲ ಶಾಖನೂ ನೀರಿಗೇ ಹೋದ್ರೆ ಅರ್ಧ ಕೆ.ಜಿ. ಸೌದೆ ಕೂಡ ಬೇಡ! ಆದ್ರೆ ತೆರೆದ ಒಲೇಲಿ ಹತ್ತರಲ್ಲಿ ಒಂದು ಪಾಲು ನೀರಿಗೆ ಸೇರಿದ್ರೆ ಹೆಚ್ಚು, ಉಳಿದಿದ್ದೆಲ್ಲ ಹಿತ್ತಲಿಗೆ, ಗೋಡೆಗೆ, ಕೋಳಿಗೆ. ಹಾಗಾಗಿ ನಾಲ್ಕು ಕೆ.ಜಿ. ಮೇಲೆ ಬೇಕಾಗುತ್ತೆ. ಹತ್ತರಲ್ಲಿ ಮೂರು ಪಾಲು ಸೇರಿಸಿದ್ರೂ ಒಂದೂವರೆ ಕೆ.ಜಿ.ಗೆ ಇಳಿಯುತ್ತೆ. ಈ ವ್ಯತ್ಯಾಸಕ್ಕೇ ಕಟ್ಟಬೇಕಾಗಿದ್ದು.

ಮೊದಲು ಹಂಡೆ. ತಾಮ್ರದ್ದು, ಅಜ್ಜಿ ಕಾಲದ್ದು, ಕತ್ತಿನ ಮೇಲೆ ಹೆಸರು ಕೊರೆಸಿದೆ. ಒಲೆಯಿಂದ ಕಿತ್ತು ಹೊರಗೆ ತಂದು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದ್ರೆ ಒಳಗೆಲ್ಲ ಬೆಳ್ಳಗೆ ಗಾರು, ಅದನ್ನ ತೆಗೆಯೋಕೆ ಹುಣಸೆಹಣ್ಣೇ ನೆನೆಸಿ ರಾತ್ರಿಯೆಲ್ಲ ಬಿಟ್ಟಿದ್ದಾಯ್ತು, ಹುಳಿಗೆ ಆ ಸುಣ್ಣದ ಪದರ ಕರಗುತ್ತೆ. ತಳದ ಮಸಿನ ಮಾತ್ರ ಕೊಡಲಿ ಹಿಂಬದಿಯಿಂದ ಮೆಲ್ಲಗೆ ಕೆರೆದೆ, ಬೆರಳು ದಪ್ಪ ಬಂತು. ತಾಮ್ರದ ಹಂಡೇಲಿ ನೀರು ಬೇಗ ಕಾಯುತ್ತೆ ಅಂತ ಎಲ್ರೂ ಹೇಳ್ತಾರೆ, ನಿಜ, ಬೆಳ್ಳಿ ಬಿಟ್ರೆ ತಾಮ್ರದಷ್ಟು ಚೆನ್ನಾಗಿ ಶಾಖ ದಾಟಿಸೋ ಪಾತ್ರೆ ಇನ್ನೊಂದಿಲ್ಲ, ಆದ್ರೆ ತಳಕ್ಕೆ ಮಸಿ ಕಂಬಳಿ ಹೊದಿಸಿ ಮೇಲೆ ತಾಮ್ರ ಇದ್ರೆಷ್ಟು ಬಿಟ್ರೆಷ್ಟು. ಹಂಡೆ ಹೊರಗೆ ಹೊಳೀಲಿ ಬಿಡ್ಲಿ, ತಳ ಕೆರೀತಾ ಇರಿ.

ಕೆರೆದ ಮೇಲೆ ನೀರು ತುಂಬಿ ನೋಡಿದ್ರೆ ತಳದಲ್ಲಿ ಸೂಜಿ ಮೊನೆಯಷ್ಟು ತೂತು, ಒಂದೊಂದೇ ಹನಿ. ಮಂಡ್ಯ ಪೇಟೆ ಬೀದಿ ಕಡೆ ಪಾತ್ರೆಗೆ ಬೆಸುಗೆ ಹಾಕೋರ ಹತ್ರ ಬೈಕ್ ಹಿಂದೆ ಹಂಡೆ ಕಟ್ಕೊಂಡು ಹೋಗಿದ್ದಾಯ್ತು, ಗುತ್ತಲು ರಸ್ತೇಲಿ ಎಲ್ರೂ ಮದುವೆ ಮನೆಗೆ ಹೋಗ್ತಿದೀನಿ ಅಂತಲೇ ನೋಡ್ತಿದ್ರು. ಅವರು ಸೀಸದ ಬೆಸುಗೆ ಬೇಡ ಅಂತ ಹಿತ್ತಾಳೆ ಕಡ್ಡಿ ಇಟ್ಟು ಗ್ಯಾಸಲ್ಲಿ ಕರಗಿಸಿ ಮುಚ್ಚಿದ್ರು. ಸೀಸದ್ದು ಇನ್ನೂರು ಡಿಗ್ರಿ ಒಳಗೇ ಕರಗುತ್ತೆ, ಹಂಡೇಲಿ ನೀರಿರೋವರೆಗೂ ತಳ ನೂರು ಡಿಗ್ರಿ ಆಸುಪಾಸಲ್ಲೇ ಇರೋದ್ರಿಂದ ನಿಲ್ಲುತ್ತೆ, ಯಾರಾದ್ರೂ ಮರೆತು ಖಾಲಿ ಹಂಡೆಗೆ ಉರಿ ಹಾಕಿದ್ರೆ ಮುಗೀತು. "ಏನೇ ಬೆಸುಗೆ ಹಾಕಿದ್ರೂ ಮೊದಲು ನೀರು ಆಮೇಲೆ ಬೆಂಕಿ" ಅಂತ ಅವರು ಹೇಳಿದ್ದನ್ನ ಒಲೆ ಬಾಯಿ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೀನಿ.

ಮಣ್ಣಿನ ವಿಷಯಕ್ಕೆ ಅವ್ವನೇ ಹೆಡ್ ಮೇಸ್ತ್ರಿ. ನಾನು ಫೋನಲ್ಲಿ ವಿಡಿಯೋ ನೋಡ್ತಿದ್ರೆ "ಒಲೆ ಹಾಕೋಕೂ ಯೂಟ್ಯೂಬ್ ಬೇಕೇನ್ಲಾ ನಿಂಗೆ" ಅಂತ ಬೈದು ಗುದ್ದಲಿ ಕೊಟ್ಟು ನಾಲೆ ಏರಿ ಹತ್ರ ಹುತ್ತದ ಮಣ್ಣು ತರೋಕೆ ಕಳಿಸಿದ್ರು. ಹಾವಿರೋ ಹುತ್ತ ಅಲ್ಲ, ಬಿದ್ದು ಹಳೇದಾಗಿರೋದು, ಅದಕ್ಕೂ ಒಂದು ಕೈ ಮುಗಿದೇ ಅಗೆಯೋದು. ಗೆದ್ದಲು ಒಂದೊಂದೇ ಕಣ ತಂದು ಎಂಜಲು ಹಚ್ಚಿ ಕಟ್ಟಿರೋ ಮಣ್ಣು, ಕಲ್ಲಿಲ್ಲ ಬೇರಿಲ್ಲ, ಜಿಗುಟು. ಆದ್ರೆ ಅದೊಂದೇ ಹಾಕಿದ್ರೆ ಒಣಗಿದಾಗ ಸೀಳು ಬಿಡುತ್ತೆ, ಅದಕ್ಕೆ ನಮ್ಮ ಹೊಲದ ಕೆಮ್ಮಣ್ಣು, ಅದರಲ್ಲಿ ಮರಳಿನ ಅಂಶ ಇರುತ್ತೆ, ಜೊತೆಗೆ ಭತ್ತದ ಹೊಟ್ಟು, ಸಗಣಿ. ಎಷ್ಟಕ್ಕೆಷ್ಟು ಅಂತ ಅವ್ವನ್ನ ಕೇಳಿದ್ರೆ "ಕೈಗೆ ಗೊತ್ತಾಯ್ತದೆ" ಅನ್ನೋ ಉತ್ತರ. ನನ್ನ ಕೈಗೆ ಗೊತ್ತಾಗಲ್ವಲ್ಲ, ನಾನು ಬೇರೆ ಬೇರೆ ಅಳತೇಲಿ ಮುದ್ದೆ ಗಾತ್ರದ ಉಂಡೆ ಕಟ್ಟಿ ಅಡುಗೆಮನೆ ಸ್ಟೋವ್ ಪಕ್ಕ ಸಾಲಾಗಿ ಒಣಗೋಕೆ ಇಟ್ಟೆ. ಮಗಳು ಅದಕ್ಕೆಲ್ಲ ಕಣ್ಣು ಮೂಗು ಬರೆದಿಟ್ಲು. ಬರೀ ಹುತ್ತದ ಮಣ್ಣಿಂದು ನಡುಮಧ್ಯೆ ಸೀಳ್ತು, ಕೆಮ್ಮಣ್ಣು ಜಾಸ್ತಿ ಆಗಿದ್ದು ಬೆರಳಲ್ಲಿ ಉಜ್ಜಿದ್ರೆ ಉದುರ್ತಿತ್ತು, ಒಂದು ಪಾಲು ಹುತ್ತದ ಮಣ್ಣು ಎರಡು ಪಾಲು ಕೆಮ್ಮಣ್ಣು ಅರ್ಧ ಪಾಲು ಹೊಟ್ಟು ಹಾಕಿದ್ದು ಎದೆ ಮಟ್ಟದಿಂದ ಬಿಟ್ರೂ ಒಡೀಲಿಲ್ಲ. ಅದನ್ನ ಅವ್ವನ ಕೈಗೆ ಕೊಟ್ರೆ, ಮುರಿದು ನೋಡಿ, "ಇದನ್ನೇ ನಾನು ಹೇಳಿದ್ದು" ಅಂದ್ರು. ಏನೂ ಹೇಳಿರ್ಲಿಲ್ಲ.

ಹೊಟ್ಟು ಹಾಕೋದು ಬರೀ ಬಿರುಕಿಗಲ್ಲ. ಒಲೆ ಉರಿದಾಗ ಒಳಗಿನ ಹೊಟ್ಟು ಸುಟ್ಟು ಸಣ್ಣ ಸಣ್ಣ ತೂತು ಉಳಿಯುತ್ತೆ, ಆ ತೂತಲ್ಲಿ ಗಾಳಿ, ಗಾಳಿಯಿಂದ ಶಾಖ ದಾಟೋದು ನಿಧಾನ. ಒಲೆ ಗೋಡೆ ಶಾಖ ಕುಡಿಯೋದು ಅಷ್ಟರಮಟ್ಟಿಗೆ ಕಮ್ಮಿ.

ಮಣ್ಣು ಕಲೆಸಿ ಗೋಣಿಚೀಲ ಮುಚ್ಚಿ ರಾತ್ರಿ ಕೊಳೆಯೋಕೆ ಬಿಟ್ಟು ಬೆಳಗ್ಗೆ ಮತ್ತೆ ತುಳಿದ್ವಿ. ಆ ಚಳೀಲಿ ಬರಿಗಾಲಲ್ಲಿ ಮಣ್ಣು ತುಳಿಯೋದಿದೆಯಲ್ಲ, ಮೊದಲ ಎರಡು ನಿಮಿಷ ಜೀವ ಹೋಗುತ್ತೆ ಆಮೇಲೆ ಕಾಲು ಇದೆಯೋ ಇಲ್ವೋ ಗೊತ್ತಾಗಲ್ಲ.

ಕಟ್ಟಿದ್ದು ಹೀಗೆ. ತಳದಲ್ಲಿ ಬೂದಿ ಗುಂಡಿ, ಅರ್ಧ ಗೇಣು ಆಳ, ಅದಕ್ಕೆ ಆಚೆ ಕಡೆಯಿಂದ ಬೇರೆ ಬಾಯಿ. ಅದರ ಮೇಲೆ 12 ಎಂಎಂ ಕಬ್ಬಿಣದ ಸರಳಿನ ಜಾಲರಿ, ಸರಳಿಂದ ಸರಳಿಗೆ ಕಿರುಬೆರಳು ಹೋಗೋ ಅಷ್ಟು ಸಂದು. ಮೋಲ್ಡ್ ಕೆಲಸದಲ್ಲಿ ಉಳಿದ ತುಂಡುಗಳು ಬಿದ್ದಿದ್ವು, ವೆಲ್ಡಿಂಗ್ ಮಾಡಿಸ್ಲಿಲ್ಲ, ಇಟ್ಟಿಗೆ ಮೇಲೆ ಸುಮ್ನೆ ಜೋಡಿಸಿದೀನಿ, ಕಾದಾಗ ಹಿಗ್ಗೋಕೆ ಜಾಗ ಇರುತ್ತೆ, ಒಂದು ತುಕ್ಕು ಹಿಡಿದು ಹೋದ್ರೆ ಅದೊಂದನ್ನೇ ಬದಲಾಯಿಸಬಹುದು. ಜಾಲರಿಯಿಂದ ಹಂಡೆ ತಳಕ್ಕೆ ಒಂದು ಗೇಣು. ಇದಕ್ಕಿಂತ ಹತ್ರ ಆದ್ರೆ ಉರಿ ಪೂರ್ತಿ ಉರಿಯೋ ಮುಂಚೆನೇ ತಣ್ಣನೆ ತಾಮ್ರ ಮುಟ್ಟಿ ಮಸಿ ಆಗುತ್ತೆ, ದೂರ ಆದ್ರೆ ಸೌದೆ ದಂಡ.

ಹಂಡೆ ಸುತ್ತ ಸುಟ್ಟ ಇಟ್ಟಿಗೇಲಿ ಗುಂಡಗೆ ಗೋಡೆ, ಒಳಗಡೆ ಮಣ್ಣು ಮೆತ್ತಿ ನುಣುಪು. ಹಂಡೆ ಹೊಟ್ಟೆಗೂ ಗೋಡೆಗೂ ನಡುವೆ ಬರೀ ಒಂದು ಇಂಚು ಬಿಟ್ಟಿರೋದು, ಹಳೇ ಒಲೇಲಿ ಇಲ್ಲಿ ಕೈ ಹೋಗೋ ಅಷ್ಟು ಜಾಗ ಇತ್ತು, ಬಿಸಿ ಹೊಗೆ ಹಂಡೆ ಕಡೆ ತಿರುಗಿಯೂ ನೋಡದೆ ಗೋಡೆ ಪಕ್ಕ ಹಾದು ಹೋಗ್ತಿತ್ತು. ಕಿರಿದು ಮಾಡಿದ್ರೆ ಹಂಡೆ ಮೈಗೆ ಉಜ್ಕೊಂಡೇ ಹೋಗ್ಬೇಕು. ನನ್ನ ಕೇಳಿದ್ರೆ ಇಡೀ ಒಲೇಲಿ ಜಾಲರಿಗಿಂತ ಚಿಮಣಿಗಿಂತ ಮುಖ್ಯ ಈ ಒಂದಿಂಚು. ಅದು ಎಲ್ಲಾ ಕಡೆ ಸಮ ಬರ್ಲಿ ಅಂತ ಹಂಡೆಗೆ ಹಳೇ ರಟ್ಟು ಸುತ್ತಿ ದಾರ ಕಟ್ಟಿ ಇಟ್ಟು, ಅದಕ್ಕೆ ತಾಗೋ ಹಾಗೆ ಮಣ್ಣು ಮೆತ್ತಿ, ಆಮೇಲೆ ಹಂಡೆ ಎತ್ತಿ ರಟ್ಟು ಬಿಚ್ಚಿದ್ವಿ. ಹಂಡೆ ಕೂರೋಕೆ ಮೂರು ಒಲೆಗುಂಡು, ಗೋಡೆಯಿಂದಲೇ ಮುಂದಕ್ಕೆ ಬಂದ ಇಟ್ಟಿಗೆ ತುಂಡುಗಳು.

ಚಿಮಣಿನ ಒಲೆ ಬಾಯಿಗೆ ನೇರ ಎದುರು ಇಡಬೇಕು, ಆದ್ರೆ ನಮಗೆ ಎದುರು ಅಂದ್ರೆ ಬಚ್ಚಲು ಒಳಗಾಗುತ್ತೆ, ಅದಕ್ಕೆ ಪಕ್ಕದ ಗೋಡೇಲಿ ತೂತು ಕೊರೆದು ಹೊಗೆ ಆಚೆ ತಂದಿದೀನಿ. ಹೊಗೆ ಹತ್ತಿರದ ದಾರೀಲಿ ನುಸುಳಬಾರ್ದು ಅಂತ ಆ ಕಡೆ ಸಂದಿಗೆ ಒಂದು ಇಟ್ಟಿಗೆ ನಿಲ್ಲಿಸಿ ಅಡ್ಡ ಹಾಕಿದೀನಿ, ಹಂಗಾಗಿ ಹೊಗೆ ಹಂಡೆ ಸುತ್ತ ಪ್ರದಕ್ಷಿಣೆ ಹಾಕಿಯೇ ಹೋಗ್ಬೇಕು. ತೂತು ಇರೋದು ಹಂಡೆ ಕತ್ತಿನ ಸ್ವಲ್ಪ ಕೆಳಗೆ. ಅಲ್ಲಿಂದ ಮೊದಲ ಎರಡು ಅಡಿ ಇಟ್ಟಿಗೆ ಗೂಡು, ಅದರ ಮೇಲೆ ನಾಲ್ಕಿಂಚಿನ ಜಿಐ ತಗಡಿನ ಕೊಳವೆ, ಹೆಂಚಿನ ತುದಿಗಿಂತ ಎರಡಡಿ ಮೇಲಕ್ಕೆ. ಹಾರ್ಡ್‌ವೇರ್ ಅಂಗಡೀಲಿ ಪಿವಿಸಿ ಹಾಕಿ ಸಾರ್ ಕಾಲು ಭಾಗಕ್ಕೆ ಆಗೋಗುತ್ತೆ ಅಂತ ಹೇಳಿದ್ರು, ಪುಣ್ಯಾತ್ಮ, ಕರಗಿ ವಿಷದ ಹೊಗೆ ಬರುತ್ತೆ ಅಂದ್ರೆ ಮೇಲ್ಗಡೆ ಹೊಗೆ ತಣ್ಣಗಿರುತ್ತೆ ಬಿಡಿ ಅಂತ ವಾದ. ಹಳೇ ಕಾಲದ ಏಸಿ ಪೈಪ್ ಅಂದ್ರೆ ಆಸ್ಬೆಸ್ಟಾಸ್, ಅದನ್ನ ಕತ್ತರಿಸಿದ್ರೆ ಬರೋ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮನೇಲಿ ಬಿದ್ದಿದ್ರೂ ಮುಟ್ಟಲಿಲ್ಲ.

ಕೊನೇಗೆ ಹಂಡೆ ಕೂರಿಸಿ ಕತ್ತಿನ ಸುತ್ತ ಮಣ್ಣು ತುಂಬಿ ಅವ್ವ ಬೆರಳು ಒದ್ದೆ ಮಾಡ್ಕೊಂಡು ಒಂದೇ ಸಮ ಸವರಿದ್ರು. ಆ ಅಂಚು ನೋಡಿದ್ರೆ ಚಕ್ರದ ಮೇಲೆ ಮಾಡಿದ್ದು ಅನ್ಬೇಕು, ಕರಣೆ ಹಿಡಿದು ನಾನು ಮಾಡಿದ ಒಲೆ ಬಾಯಿ ಪಕ್ಕದಲ್ಲೇ ಇರೋದ್ರಿಂದ ಇನ್ನೂ ಚೆನ್ನಾಗಿ ಕಾಣುತ್ತೆ. ಅಷ್ಟೊತ್ತಿಗೆ ಜಿನುಗು ಮತ್ತೆ ಶುರು. ಆಚೆ ಕಡೆ ಒಲೆ ಬಾಯಿ ಹಸಿ ಮಣ್ಣು ಕರಗಿ ಇಳಿಯೋಕೆ ಶುರುವಾಯ್ತು, ರಾಗಿ ಒಕ್ಕಣೆಗೆ ಅಂತ ಇಟ್ಟಿದ್ದ ಟಾರ್ಪಾಲ್ ತಂದು ನಾಲ್ಕು ಗಳ ನೆಟ್ಟು ಚಪ್ಪರ ಕಟ್ಟಿದ್ದಾಯ್ತು. ಅದೀಗ ಹಂಗೇ ಇದೆ, ಉರಿ ಹಾಕೋರಿಗೆ ಮಳೆ ಬೀಳಲ್ಲ.

ಒಣಗಿಸೋದೇ ನಿಜವಾದ ತಾಳ್ಮೆ ಕೆಲಸ. ಬೇಸಿಗೆ ಆಗಿದ್ರೆ ಬಿಸಿಲಿಗೆ ಬಿಟ್ಟು ಮರೀಬಹುದು, ಈ ಹವೇಲಿ ಮಣ್ಣಿನ ನೀರು ಎಲ್ಲಿಗೆ ಹೋಗ್ಬೇಕು ಹೇಳಿ. ಹಾಗಂತ ಒಂದೇ ಸಲ ಜೋರು ಉರಿ ಹಾಕಿದ್ರೆ ಮಣ್ಣಿನೊಳಗಿನ ನೀರು ಆವಿಯಾಗಿ ಒಡ್ಕೊಂಡು ಬರುತ್ತೆ. ಹಂಡೆ ತುಂಬ ನೀರು ಬಿಟ್ಟು ಜಾಲರಿ ಮೇಲೆ ಎರಡು ತೆಂಗಿನ ಕರಟದ ಕೆಂಡ, ಅಷ್ಟೇ, ಅದು ಆರಿದ್ರೆ ಇನ್ನೆರಡು. ಒಲೆ ಗೋಡೆಯಿಂದ ಆವಿ ಏಳೋದು ಕಾಣ್ತಿತ್ತು. ಮಗಳು ಒಲೆಗೆ ಜ್ವರ ಬಂದಿದೆ ಅಂತ ಎಲ್ರಿಗೂ ಹೇಳ್ಕೊಂಡು ಬಂದ್ಲು. ಕೂದಲೆಳೆ ಬಿರುಕು ಅಲ್ಲಲ್ಲಿ ಬಂತು, ಬರಲೇಬೇಕು, ಅದಕ್ಕೆ ಸಗಣಿ ಬಗ್ಗಡ ತೆಳ್ಳಗೆ ಬಳಿದ್ರೆ ಒಳಕ್ಕೆ ಹೀರ್ಕೊಂಡು ಮುಚ್ಚಿಹೋಗುತ್ತೆ.

ಮೊದಲ ಪೂರ್ತಿ ಉರಿ ಹಾಕಿದಾಗ ಹೊಗೆ ಸೀದಾ ನನ್ನ ಮುಖಕ್ಕೆ ಬಂತು. ಅವ್ವ ಒಳಗಿಂದ "ಚಿಮಣಿ ಅಲಂಕಾರಕ್ಕಾ" ಅಂದ್ರು. ಕಾರಣ ಇಷ್ಟೇ, ಕೊಳವೆ ತುಂಬ ಥಂಡಿ ಗಾಳಿ ಭಾರವಾಗಿ ಕೂತಿತ್ತು, ಬಿಸಿ ಹೊಗೆಗೆ ಅದನ್ನ ತಳ್ಳೋಕೆ ಆಗ್ತಿರ್ಲಿಲ್ಲ. ಇಟ್ಟಿಗೆ ಗೂಡಿನ ಬುಡದಲ್ಲಿ ಮಸಿ ತೆಗೆಯೋಕೆ ಅಂತ ಬಿಟ್ಟಿದ್ದ ಕಿಂಡೀಲಿ ಎರಡು ಹಾಳೆ ಪೇಪರ್ ಹೊತ್ತಿಸಿ ಹಾಕಿದೆ, ಕೊಳವೆ ಬಿಸಿಯಾಗಿ ಒಂದ್ಸಲ ಬುಸ್ ಅಂತ ಎಳೀತು ನೋಡಿ, ಒಲೆ ಬಾಯಲ್ಲಿದ್ದ ಹೊಗೆ ಹಿಂದಕ್ಕೆ ತಿರುಗಿ ಒಳಗೆ ಹೋಯ್ತು. ಬೂದಿ ಗುಂಡಿ ಬಾಯಿ ಹತ್ರ ಕೈ ಇಟ್ರೆ ಗಾಳಿ ಒಳಗೆ ನುಗ್ಗೋದು ಬೆರಳಿಗೆ ಗೊತ್ತಾಗುತ್ತೆ, ಮೇಲೆ ಉರಿ ಹಳದಿ ಹೋಗಿ ಬೆಳ್ಳಗೆ ತಿರುಗಿ ಗೊರ್ ಅಂತ ಸದ್ದು. ಈಗ ಚಳಿ ಬೆಳಗಲ್ಲಿ ದಿನಾ ಮೊದಲು ಕಿಂಡೀಲಿ ಪೇಪರ್, ಆಮೇಲೆ ಒಲೆ. ಒಂದ್ಸಲ ಎಳೆಯೋಕೆ ಶುರುವಾದ್ರೆ ಆಚೆ ಚಳಿ ಇದ್ದಷ್ಟೂ ಚೆನ್ನಾಗಿ ಎಳೆಯುತ್ತೆ, ಒಳಗಿನ ಬಿಸಿಗೂ ಹೊರಗಿನ ಥಂಡಿಗೂ ಅಂತರ ಜಾಸ್ತಿ ಅಲ್ವಾ. ಎಳೆತ ಜಾಸ್ತಿಯಾದ್ರೆ ಶಾಖನೂ ಆಚೆ ಹೋಗುತ್ತೆ, ಅದಕ್ಕೆ ಬೂದಿ ಗುಂಡಿ ಬಾಯಿಗೆ ಎಣ್ಣೆ ಡಬ್ಬದ ತಗಡು ಒಂದು ಇಟ್ಟಿದೀನಿ, ಸರಿಸಿ ಗಾಳಿ ಕಮ್ಮಿ ಜಾಸ್ತಿ ಮಾಡ್ಬಹುದು.

ಸೌದೆ ತೂಗಿ ನೋಡಿದೆ. ಹಳೇ ಒಲೇಲಿ ತೂಗಿರ್ಲಿಲ್ಲ, ಆದ್ರೆ ಒಂದು ಸ್ನಾನದ ಹೊತ್ತಿಗೆ ತಬ್ಬುವಷ್ಟು ಹೊರೆ ಹೋಗ್ತಿತ್ತು ಅನ್ನೋದು ಮನೇಲಿ ಎಲ್ರಿಗೂ ನೆನಪಿದೆ. ಈಗ ಒಣ ತೆಂಗಿನ ಮಟ್ಟೆ, ಎರಡು ಮೂರು ಕರಟ, ಹೊಂಗೆ ಕೊಂಬೆ ತುಂಡು, ಎಲ್ಲ ಸೇರಿ ಎರಡು ಕೆ.ಜಿ. ಒಳಗೆ ಹಂಡೆ ನೀರು ಕೈ ಇಡೋಕಾಗದಷ್ಟು ಸುಡುತ್ತೆ, ಮುಕ್ಕಾಲು ಗಂಟೆ ಸಾಕು. ಲೆಕ್ಕದ ಒಂದೂವರೆಗಿಂತ ಜಾಸ್ತಿ ಯಾಕೆ ಅಂದ್ರೆ ನೀರು 45ಕ್ಕಿಂತ ಜಾಸ್ತಿನೇ ಕಾದಿರುತ್ತೆ, ಜೊತೆಗೆ ಸೌದೆ ಥಂಡಿ ಹೀರಿದೆ, ಮೊದಲು ತನ್ನ ಮೈಯೊಳಗಿನ ನೀರನ್ನೇ ಕಾಯಿಸ್ಕೊಂಡು ಆಮೇಲೆ ನಮ್ಮ ನೀರಿಗೆ ಬರುತ್ತೆ. ಅದಕ್ಕೆ ಇವತ್ತಿನ ಒಲೆ ಬಿಸಿಗೆ ನಾಳೆಯ ಸೌದೆ ಪಕ್ಕದಲ್ಲಿ ಒಣಗೋಕೆ ಇಡ್ತೀವಿ, ಒಲೆ ಬಾಯಿಂದ ಒಂದು ಮೊಳ ದೂರದಲ್ಲಿ, ಕಿಡಿ ಹಾರದ ಕಡೆ. ಕಬ್ಬಿನ ತರಗು ಮಾತ್ರ ಹಾಕ್ಬೇಡಿ, ಬೂದಿ ಹಾರಿ ಆ ಒಂದಿಂಚು ಸಂದು ಕಟ್ಟುತ್ತೆ.

ಕೂಸಿಗೆ ನೀರು ಹಾಕೋಕೆ ಬರೋ ಅಜ್ಜಮ್ಮಂದೇ ಕೊನೇ ಪರೀಕ್ಷೆ. ಅವರು ಬಂದು ಮಣೆ ಮೇಲೆ ಕೂತು ಕಾಲು ಎರಡೂ ಚಾಚಿ, ಎಣ್ಣೆ ಹಚ್ಚಿದ ಕೂಸನ್ನ ಕಾಲ ಮೇಲೆ ಮಲಗಿಸ್ಕೊಂಡು, ಹಂಡೆಯಿಂದ ತೋಡಿದ ನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದ್ರು. ನಮ್ಮ ಡಾಕ್ಟ್ರು ಕೂಸಿನ ನೀರು ಮೈ ಬಿಸಿಯಷ್ಟೇ ಇರ್ಲಿ, 37 ಡಿಗ್ರಿ ಆಸುಪಾಸು ಅಂದಿದ್ರು, ನಾನು ಥರ್ಮಾಮೀಟರ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಜ್ಜಮ್ಮನ ಮೊಣಕೈ 38 ತೋರಿಸ್ತು. ತಂಗಿಗೆ ಹಾಕೋ ನೀರು ಎಷ್ಟು ಅಂತ ಅಳೆಯೋಕೆ ಬಿಡ್ಲಿಲ್ಲ, "ಬಾಣಂತಿ ನೀರು ಗಂಡಸ್ರು ನೋಡೋದಲ್ಲ ನಡೀರಿ ಆಚೆಗೆ" ಅಂತ ಬಾಗಿಲು ಹಾಕಿದ್ರು. ಕಣ್ಣುರಿ ಇಲ್ಲ, ಹೊಗೆ ವಾಸನೆ ಇಲ್ಲ, ಆಮೇಲೆ ಬೇಕು ಅಂತಲೇ ಸಾಂಬ್ರಾಣಿ ಹೊಗೆ ಹಾಕಿದ್ರಲ್ಲ, ಅದಕ್ಕೇನು ಮಾಡೋದು. ಒಲೆ ಕೆಂಡ ಬಾಣಂತಿ ರೂಮಿಗೆ ಒಯ್ಯೋದು ಮಾತ್ರ ಬೇಡ ಅಂತ ಗಟ್ಟಿಯಾಗಿ ಹೇಳಿದೀನಿ, ಬಾಗಿಲು ಮುಚ್ಚಿದ ರೂಮಲ್ಲಿ ಕೆಂಡ ಇಟ್ರೆ ಗ್ಯಾಸ್ ಗೀಸರ್ ಕಥೆನೇ ಮತ್ತೆ.

ಖರ್ಚು ಅಂದ್ರೆ ಮುಖ್ಯವಾಗಿ ಬೆಸುಗೆ, ತಗಡಿನ ಕೊಳವೆ. ಇಟ್ಟಿಗೆ ಹಳೇ ಕೊಟ್ಟಿಗೆದು, ಮಣ್ಣಿಗೆ ಕಾಸಿಲ್ಲ. ಬೂದಿ ಹಿತ್ತಲ ಅವರೆ ಗಿಡಕ್ಕೆ ಹೋಗ್ತಾ ಇದೆ, ಸ್ವಲ್ಪ ಅವ್ವ ಪಾತ್ರೆ ತಿಕ್ಕೋಕೆ ಜರಡಿ ಹಿಡಿದು ಡಬ್ಬಕ್ಕೆ ತುಂಬಿಟ್ಟಿದಾರೆ.

ಬಿಸಿಲು ಬಂತು ಈಗ, ಸೋಲಾರ್ ಕಾಯಿಲ್ ಬಿಚ್ಚಬೇಕು, ಹೊಸದು ತಂದಿಟ್ಟಿದೀನಿ. ಆದ್ರೆ ಅದಕ್ಕಿಂತ ಮುಂಚೆ ಚಿಮಣಿಗೆ ಟೋಪಿ ಆಗ್ಬೇಕು. ತಗಡು ಕೆಲಸದವರು ಮುಂದಿನ ವಾರ ಅಂದಿದಾರೆ, ಅಲ್ಲೀವರೆಗೂ ಮಳೆ ನೀರು ಇಳಿಯದೇ ಇರ್ಲಿ ಅಂತ ತೂತು ಬಿದ್ದ ಬಾಂಡ್ಲಿ ಒಂದನ್ನ ತಂತೀಲಿ ಬಿಗಿದು ಮೇಲೆ ನಿಲ್ಲಿಸಿದೀನಿ. ಗಾಳಿ ಬೀಸಿದ್ರೆ ಟಣ್ ಟಣ್ ಅನ್ನುತ್ತೆ, ಮಲಗಿದ್ದ ಕೂಸು ಎದ್ದು ಅಳುತ್ತೆ, ಅವ್ವ ಇಳಿಸ್ಲಾ ಅದನ್ನ ಅಂತಾರೆ, ನಾನು ಇಳಿಸಿಲ್ಲ.